ಸಂತೆಯ ದಿನ ನೋಡಿ, ಮಳೆ ನೋಡಿ: ಕೊಡಗಿನಲ್ಲಿ ಕಾಲಕಾಲದ ಊಟಕ್ಕೆ ಏನು, ಎಲ್ಲಿ, ಹೇಗೆ ಕೊಳ್ಳುವುದು

ಮಡಿಕೇರಿಯ ಮುಖ್ಯರಸ್ತೆಯ ಅಂಗಡಿಗಳಲ್ಲಿ ವರ್ಷದ ಎಲ್ಲ ದಿನವೂ ಒಂದೇ ಸರಕು: ಜೇನಿನ ಬಾಟಲಿ, ಏಲಕ್ಕಿ ಪೊಟ್ಟಣ, 'ಹೋಂಮೇಡ್' ಚಾಕೊಲೇಟ್. ಮಳೆ ಬಂದರೂ ಬಿಸಿಲು ಬಿದ್ದರೂ ಅಲ್ಲಿ ಏನೂ ಬದಲಾಗುವುದಿಲ್ಲ. ಕೊಡಗಿನ ಅಡುಗೆಮನೆ ಹಾಗಲ್ಲ. ಕಣಿಲೆ (ಎಳೆ ಬಿದಿರು) ಸಿಗುವ ವಾರದಲ್ಲಿ ಕಿತ್ತಳೆ ಇರುವುದಿಲ್ಲ, ಕಿತ್ತಳೆ ಇಳಿಯುವ ಹೊತ್ತಿಗೆ ಅಣಬೆಯ ಸುದ್ದಿಯೇ ಇರುವುದಿಲ್ಲ. ಕೆಲವು ಪದಾರ್ಥಗಳ ಗಡುವು ಎರಡು ಮೂರು ವಾರ ಮಾತ್ರ. ಹಾಗಾಗಿ ಪಟ್ಟಿ ಬರೆದುಕೊಂಡು ಹೋಗುವುದಕ್ಕಿಂತ ಚೀಲ ಹಿಡಿದು ಹೋಗಿ 'ಈ ವಾರ ಏನು ಬಂದಿದೆ' ಎಂದು ಕೇಳುವುದೇ ಸರಿಯಾದ ಕ್ರಮ.

ಮೊದಲು ಸಂತೆ

ಸೋಮವಾರ ಸೋಮವಾರಪೇಟೆ, ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಶನಿವಾರ ಶನಿವಾರಸಂತೆ (ಹೆಸರಲ್ಲೇ ಇದೆ), ಭಾನುವಾರ ಗೋಣಿಕೊಪ್ಪ. ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ತೋಟದ ಕಡೆಯಿಂದ ಬಂದವರು ತಂದದ್ದೇ ಸ್ವಲ್ಪ, ಅದು ಬೇಗ ಮುಗಿಯುತ್ತದೆ. ಮಧ್ಯಾಹ್ನಕ್ಕೆ ಉಳಿಯುವುದು ಲಾರಿಯಲ್ಲಿ ಬಂದ ಟೊಮೆಟೊ, ಕೋಸು, ಈರುಳ್ಳಿ.

ಊರಿನದ್ದು ಯಾವುದು, ಹೊರಗಿನದ್ದು ಯಾವುದು ಎಂದು ತಿಳಿಯಲು ರಾಶಿಯನ್ನು ನೋಡಿ. ಒಂದೇ ಗಾತ್ರದ, ಒಂದೇ ಬಣ್ಣದ ತರಕಾರಿ ಕ್ರೇಟುಗಟ್ಟಲೆ ಇದ್ದರೆ ಅದು ಮಂಡಿಯ ಮಾಲು. ಸಂತೆಯ ಅಂಚಿನಲ್ಲಿ ಗೋಣಿಚೀಲ ಹಾಸಿ, ಎರಡು ಗೊನೆ ಬಾಳೆ, ಒಂದು ಸೇರು ಜೀರಿಗೆ ಮೆಣಸು, ನಾಲ್ಕು ಕಟ್ಟು ಕೆಸುವಿನ ಎಲೆ, ಒಂದು ಹಲಸು ಇಟ್ಟುಕೊಂಡು ಕೂತವರು ಹಿತ್ತಿಲಿನಿಂದ ತಂದವರು. ಅವರ ಹತ್ತಿರ ಕೇಳಬೇಕಾದ್ದು ಎರಡೇ ಮಾತು: 'ಅಕ್ಕ, ಇದು ಯಾವತ್ತು ಕೊಯ್ದದ್ದು? ನೀವು ಮನೆಯಲ್ಲಿ ಇದನ್ನು ಏನು ಮಾಡ್ತೀರಿ?' ಎರಡನೆಯ ಪ್ರಶ್ನೆಗೆ ಸರಾಗವಾಗಿ ಉತ್ತರ ಬಂದರೆ ನಂಬಿ ಕೊಳ್ಳಬಹುದು. ಚೌಕಾಸಿ ಮಾಡುವುದಿದ್ದರೆ ಲಾರಿ ಮಾಲಿನ ಹತ್ತಿರ ಮಾಡಿ. ಗುಡ್ಡೆ ಲೆಕ್ಕದಲ್ಲಿ ಮಾರುವ ಅಜ್ಜಿಯ ಹತ್ತಿರ ಹತ್ತು ರೂಪಾಯಿ ಕಡಿಮೆ ಮಾಡಿಸಿ ಸಿಗುವುದು ಏನೂ ಇಲ್ಲ. ಚಿಲ್ಲರೆ ಇರಲಿ; ಜೋರು ಮಳೆಯಲ್ಲಿ ನೆಟ್‌ವರ್ಕ್ ಹೋದರೆ ಫೋನಿನ ಪಾವತಿ ನಡೆಯುವುದಿಲ್ಲ.

ಜೂನ್‌ನಿಂದ ಆಗಸ್ಟ್: ಪ್ರವಾಸಿಗರು ಇಲ್ಲದ, ಊಟ ತುಂಬಿದ ಕಾಲ

ಕೊಡಗಿನ ಊಟದ ನಿಜವಾದ ಸಂಪತ್ತು ಮಳೆಗಾಲದ್ದು. ಕಕ್ಕಡ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಗದ್ದೆ ನಾಟಿಯ ಕೆಲಸ. ಮನೆಗೆ ಬರುವ ಸಾಮಾನೆಲ್ಲ ಕಾಡು, ಗದ್ದೆ, ಹಿತ್ತಿಲಿನದ್ದು. ಹೆಚ್ಚು ಎಚ್ಚರ ಬೇಕಾದದ್ದೂ ಇದೇ ಕಾಲದಲ್ಲಿ, ಏಕೆಂದರೆ ಇಲ್ಲಿನ ಅರ್ಧ ಪದಾರ್ಥಗಳು ಹಸಿಯಾಗಿ ತಿನ್ನುವಂಥವಲ್ಲ.

ಕಣಿಲೆಯಿಂದ ಶುರು ಮಾಡೋಣ. ಮಳೆ ಹಿಡಿದ ಮೇಲೆ ಬಿದಿರಿನ ಬುಡದಲ್ಲಿ ಏಳುವ ಮೊಳಕೆ ಇದು. ಕೊಡವ ಭಾಷೆಯಲ್ಲಿ ಬೈಂಬಳೆ. ಸಿಪ್ಪೆ ಸಹಿತ ಇಡಿಯಾಗಿಯೂ ಸಿಗುತ್ತದೆ, ಹೆಚ್ಚಿ ನೀರಿನಲ್ಲಿ ಹಾಕಿ ಇಟ್ಟದ್ದೂ ಸಿಗುತ್ತದೆ. ಇಡಿಯದನ್ನು ಕೊಳ್ಳುವುದಾದರೆ ಗಿಡ್ಡ, ದಪ್ಪ, ತುದಿಯ ಹೊದಿಕೆ ಬಿಗಿಯಾಗಿ ಮುಚ್ಚಿರುವುದನ್ನು ಆರಿಸಿ. ಬುಡವನ್ನು ಉಗುರಿನಿಂದ ಒತ್ತಿದರೆ ಗುರುತು ಬೀಳಬೇಕು. ಬೀಳದಿದ್ದರೆ ಅದು ಆಗಲೇ ಬಿದಿರಾಗಿದೆ. ಸಿಪ್ಪೆ ಸುಲಿದ ಮೇಲೆ ತಿನ್ನಲು ಉಳಿಯುವುದು ತೂಕದ ಸುಮಾರು ಮೂರನೇ ಒಂದು ಭಾಗ. ನಾಲ್ಕು ಜನರ ಪಲ್ಯಕ್ಕೆ ಒಂದೂವರೆ ಕಿಲೋ ಕಣಿಲೆ ಬೇಕಾಗುತ್ತದೆ.

ಮುಂದಿನ ಕೆಲಸ ಹೀಗೆ. ಬಿಳಿಯ ಎಳೆ ಭಾಗವನ್ನು ತೆಳ್ಳಗೆ ಹೆಚ್ಚಿ. ಪೂರ್ತಿ ಮುಳುಗುವಷ್ಟು ನೀರಿನಲ್ಲಿ ಹಾಕಿ. ದಿನಕ್ಕೆ ಎರಡು ಸಲ ನೀರು ಚೆಲ್ಲಿ ಹೊಸ ನೀರು ಹಾಕುತ್ತ ಎರಡರಿಂದ ಮೂರು ದಿನ ಬಿಡಿ. ಆಮೇಲೆ ಹೊಸ ನೀರಿನಲ್ಲಿ, ಮುಚ್ಚಳ ತೆಗೆದು, 20 ನಿಮಿಷ ಕುದಿಸಿ ಆ ನೀರನ್ನೂ ಚೆಲ್ಲಿ. ಇದು ಬರೀ ಕಹಿ ತೆಗೆಯುವ ಶಾಸ್ತ್ರವಲ್ಲ. ಹಸಿ ಕಣಿಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಅಂಶವಿದೆ, ಅದು ಒಡೆದರೆ ಸಯನೈಡ್ ಬಿಡುತ್ತದೆ. ತೆಳ್ಳಗೆ ಹೆಚ್ಚಿದರೆ ಅದು ಬೇಗ ನೀರಿಗೆ ಇಳಿಯುತ್ತದೆ, ಮುಚ್ಚಳ ತೆಗೆದು ಕುದಿಸಿದರೆ ಆವಿಯೊಂದಿಗೆ ಹೋಗುತ್ತದೆ. ಕುಕ್ಕರಿನಲ್ಲಿ ನೇರವಾಗಿ ಕೂಗಿಸಿ ತಿನ್ನುವ ಅವಸರ ಬೇಡ. ನೆನೆಸಿದ ನೀರಿಗೆ ಹುಳಿ ವಾಸನೆ ಬಂದರೆ ಸಹಜ; ಕಣಿಲೆಯ ಚೂರು ಲೋಳೆಯಾದರೆ ಕೊಳೆತಿದೆ, ಬಿಸಾಡಿ. ಹೆಚ್ಚು ಸಿಕ್ಕಿದರೆ, ಕುದಿಸಿ ಆರಿಸಿದ ಚೂರುಗಳನ್ನು ಗಾಜಿನ ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಡಿ. ಲೀಟರ್ ನೀರಿಗೆ 200 ಗ್ರಾಂ ಉಪ್ಪು. ಬಳಸುವ ಹಿಂದಿನ ರಾತ್ರಿ ಸಾದಾ ನೀರಿನಲ್ಲಿ ನೆನೆಸಿ ಉಪ್ಪು ತೆಗೆಯಿರಿ. ಇನ್ನೊಂದು ಮಾತು: ಮೀಸಲು ಅರಣ್ಯದೊಳಗೆ ನುಗ್ಗಿ ತಾವೇ ಕಿತ್ತು ತರುವ ಹುಮ್ಮಸ್ಸು ಬೇಡ. ಕಾನೂನಿನ ತೊಡಕೂ ಉಂಟು, ಆನೆಯೂ ಉಂಟು.

ಅಣಬೆಯ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಹುತ್ತದ ಮೇಲೆ ಏಳುವ ದೊಡ್ಡ ಕೊಡೆಯದು, ನೆಲದ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಹರಡುವ ನುಚ್ಚಣಬೆ, ಹೀಗೆ ಹಲವು ಬಗೆ ಸಂತೆಗೆ ಬರುತ್ತವೆ. ಪ್ರತಿ ಮಳೆಗಾಲದಲ್ಲೂ ಅದೇ ಜಾಗದಲ್ಲಿ ಕೂರುವವರ ಹತ್ತಿರ, ಬುಡದ ಬೇರು ಸಹಿತ ಇರುವುದನ್ನು ಮಾತ್ರ ಕೊಳ್ಳಿ. ಹುತ್ತದ ಅಣಬೆಗೆ ಮಣ್ಣಿನೊಳಗೆ ಇಳಿಯುವ ಉದ್ದ ಬೇರಿನಂಥ ಬುಡ ಇರುತ್ತದೆ. ಕತ್ತರಿಸಿ ತಂದರೆ ಆ ಗುರುತೇ ಹೋಗುತ್ತದೆ. ಬೆಳ್ಳಿ ನಾಣ್ಯ ಕಪ್ಪಾಗುತ್ತದೆಯೇ, ಅರಿಸಿನ ಬಣ್ಣ ಬದಲಾಗುತ್ತದೆಯೇ, ಹುಳ ತಿಂದಿದೆಯೇ ಎಂಬ ಪರೀಕ್ಷೆಗಳಿಂದ ವಿಷದ ಅಣಬೆ ಗೊತ್ತಾಗುವುದಿಲ್ಲ. ಅವನ್ನು ನಂಬಿ ಆಸ್ಪತ್ರೆ ಸೇರಬೇಡಿ. ತಂದ ದಿನವೇ ಅಡುಗೆ ಮಾಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿದ ಅಣಬೆ ಸಂಜೆಯ ಹೊತ್ತಿಗೆ ನೀರೊಡೆಯುತ್ತದೆ; ಎಲೆಯಲ್ಲಿ ಅಥವಾ ಬಟ್ಟೆಯಲ್ಲಿ ಸುತ್ತಿ ತನ್ನಿ.

ಕೆಸುವಿನ ಎಲೆಯದು ಗಂಟಲು ತುರಿಸುವ ಗುಣ. ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಅದಕ್ಕೆ ಕಾರಣ. ಎಳೆ ಎಲೆ ಕೊಳ್ಳಿ, ದಪ್ಪ ನಾರು ತೆಗೆಯಿರಿ, ಹುಣಿಸೆ ಧಾರಾಳವಾಗಿ ಹಾಕಿ. ಪತ್ರೊಡೆಗೆ ಎರಡು ಲೋಟ ಅಕ್ಕಿ, 12ರಿಂದ 15 ಎಲೆ, ನಿಂಬೆ ಗಾತ್ರದ ಎರಡು ಉಂಡೆ ಹುಣಿಸೆ. ಹಬೆಯಲ್ಲಿ 45 ನಿಮಿಷ. ಅರ್ಧ ಬೆಂದದ್ದನ್ನು ರುಚಿ ನೋಡಿ ತುರಿಸಿಕೊಂಡವರೇ ಕೆಸವನ್ನು ಬೈಯುವವರು. ಮರದ ಕೊಂಬೆಗಳ ಮೇಲೆ ಬೆಳೆಯುವ ಮರಕೆಸ ಸಿಕ್ಕರೆ ಬಿಡಬೇಡಿ. ಮಳೆಗಾಲ ಮುಗಿದರೆ ಅದು ಇಲ್ಲ.

ಗದ್ದೆಯ ಏಡಿ ಜೀವಂತ ಇದ್ದರೆ ಮಾತ್ರ ಕೊಳ್ಳಿ.

ಜುಲೈ ಕೊನೆಯ ವಾರದಿಂದ ಸಂತೆಗಳಲ್ಲಿ ಮದ್ದುಸೊಪ್ಪಿನ ಕಟ್ಟು ಕಾಣತೊಡಗುತ್ತದೆ. ಕಕ್ಕಡದ ಹದಿನೆಂಟನೇ ದಿನ, ಆಗಸ್ಟ್ 3ರ ಸುಮಾರಿಗೆ, ಅದರಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಪಾಯಸಕ್ಕೆ ಒಂದು ಕಟ್ಟು ಸೊಪ್ಪನ್ನು ಎಳೆ ದಂಟಿನ ಸಹಿತ ತೊಳೆದು, ಒಂದೂವರೆ ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ. ನೀರು ಕಡು ನೇರಳೆಯಾಗುತ್ತದೆ. ಸೋಸಿ, ಅದೇ ನೀರಿನಲ್ಲಿ ಒಂದು ಲೋಟ ಅಕ್ಕಿ ಬೇಯಿಸಿ; ಅಕ್ಕಿ ಪೂರ್ತಿ ಬೆಂದ ಮೇಲೆಯೇ 200 ಗ್ರಾಂ ಬೆಲ್ಲ, ಕೊನೆಗೆ ಒಂದು ತೆಂಗಿನಕಾಯಿಯ ಹಾಲು. ಬೆಲ್ಲ ಮೊದಲೇ ಹಾಕಿದರೆ ಅಕ್ಕಿ ನೆಟ್ಟಗೆ ಬೇಯುವುದಿಲ್ಲ. ತೆಂಗಿನ ಹಾಲು ಹಾಕಿ ಕುದಿಸಿದರೆ ಒಡೆಯುತ್ತದೆ. ಬಿಳಿ ಬಟ್ಟೆ ಉಟ್ಟು ಈ ಕೆಲಸಕ್ಕೆ ಇಳಿಯಬೇಡಿ. ಮರುದಿನ ಮೂತ್ರ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ. ಮನೆಗೆ ಬಂದ ನೆಂಟರಿಗೆ ಇದನ್ನು ಮೊದಲೇ ಹೇಳಿ.

ಕಾಚಂಪುಳಿ ಮತ್ತು ಬೆಣ್ಣೆಹಣ್ಣು

ಮಳೆಗಾಲದಲ್ಲಿ ಹಣ್ಣಾಗಿ ಬೀಳುವ ಪಣಪುಳಿ ಎಂಬ ಹುಳಿಹಣ್ಣಿನ ರಸವನ್ನು ಬುಟ್ಟಿಯಿಂದ ಇಳಿಸಿ, ಗಂಟೆಗಟ್ಟಲೆ ಕಾಯಿಸಿ ಕಪ್ಪಗೆ ಮಂದ ಮಾಡಿದ್ದೇ ಕಾಚಂಪುಳಿ. ಹೊಸದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸಿಗುತ್ತದೆ, ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದ ಹಂದಿ ಸಾರಿಗೆ ಸರಿಯಾಗಿ. ಬಾಟಲಿಯನ್ನು ಓರೆ ಮಾಡಿ ನೋಡಿ: ಗೋಡೆಗೆ ಅಂಟಿಕೊಂಡು ನಿಧಾನವಾಗಿ ಜಾರಬೇಕು. ಮುಚ್ಚಳ ತೆಗೆದಾಗ ಮೂಗಿಗೆ ಚುಚ್ಚುವ ವಿನೆಗರ್ ವಾಸನೆ ಹೊಡೆದರೆ ಬೇಡ. ಒಂದು ಹನಿ ನಾಲಿಗೆಗೆ ಹಚ್ಚಿದರೆ ಚುರುಕು ಹುಳಿ, ಹಿಂದೆಯೇ ಸ್ವಲ್ಪ ಒಗರು. ಸಿಹಿ ಉಳಿದರೆ ಬೆಲ್ಲ ಸೇರಿದೆ ಎಂದು ಅನುಮಾನಿಸಿ. ನೀರಾಗಿದ್ದದ್ದನ್ನು ಅಗ್ಗವೆಂದು ಕೊಂಡರೆ ಎರಡು ಪಟ್ಟು ಹಾಕಬೇಕಾಗುತ್ತದೆ, ಅಲ್ಲಿಗೆ ಲೆಕ್ಕ ಸರಿಹೋಯಿತು. ಗಾಜಿನ ಬಾಟಲಿ, ಒಣ ಚಮಚ, ಲೋಹವಲ್ಲದ ಮುಚ್ಚಳ. ಇಷ್ಟಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ.

ಒಂದು ಕಿಲೋ ಹಂದಿಮಾಂಸಕ್ಕೆ ಮಂದ ಕಾಚಂಪುಳಿ ಒಂದು ದೊಡ್ಡ ಚಮಚ. ಆದರೆ ಮೊದಲು ಅರ್ಧ ಹಾಕಿ, ಐದು ನಿಮಿಷ ಬಿಟ್ಟು ರುಚಿ ನೋಡಿ, ಆಮೇಲೆ ಉಳಿದದ್ದು. ಪ್ರತಿ ಮನೆಯ ಕಾಚಂಪುಳಿಯ ಹುಳಿ ಬೇರೆ ಬೇರೆ. ಮಾಂಸ ಕೊಳ್ಳುವಾಗ ತೊಗಲು, ಕೊಬ್ಬು ಇರುವ ತುಂಡು ಕೇಳಿ. ಬರೀ ಕೆಂಪು ಮಾಂಸದ ಪಂದಿಕರಿ (ಹಂದಿ ಸಾರು) ನಾರುನಾರಾಗುತ್ತದೆ. ಎರಡು ದೊಡ್ಡ ಚಮಚ ಕೊತ್ತಂಬರಿ, ಎರಡು ಸಣ್ಣ ಚಮಚ ಕರಿಮೆಣಸು, ಒಂದು ಸಣ್ಣ ಚಮಚ ಜೀರಿಗೆ, ಇವನ್ನು ಎಣ್ಣೆಯಿಲ್ಲದೆ ಕಾಫಿ ಬಣ್ಣ ದಾಟುವ ತನಕ ಹುರಿಯಿರಿ. ಸಾರು ಕಪ್ಪಾಗುವುದು ಈ ಹುರಿತದಿಂದ ಮತ್ತು ಹುಳಿಯಿಂದ. ಮಸಾಲೆ ಹೊಗೆಯಾಡಿ ಸುಟ್ಟರೆ ಮಾತ್ರ ಕಹಿ. ಆಗ ಬಿಸಾಡಿ ಹೊಸದಾಗಿ ಹುರಿಯುವುದೇ ಲೇಸು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಈ ಹುಳಿ ಹಾಕಬೇಡಿ.

ಬೆಣ್ಣೆಹಣ್ಣು ತೋಟಗಳಲ್ಲಿ ಕಾಫಿಯ ನಡುವೆ ಬೀಜದಿಂದ ಎದ್ದ ಮರಗಳದ್ದು. ಆದ್ದರಿಂದ ಒಂದು ಮರದ ಹಾಗೆ ಇನ್ನೊಂದು ಇಲ್ಲ: ಒಂದು ಬೆಣ್ಣೆ, ಇನ್ನೊಂದು ನೀರು. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಉತ್ತಮ ತಳಿಗಳನ್ನು ಆಯ್ದು ಕೊಟ್ಟಿದ್ದರೂ ಸಂತೆಗೆ ಬರುವ ಹಣ್ಣಿಗೆ ಹೆಸರಿರುವುದಿಲ್ಲ. ಮೊದಲ ವಾರ ಎರಡೇ ಕೊಂಡು, ಚೆನ್ನಾಗಿದ್ದರೆ ಮುಂದಿನ ವಾರ ಅದೇ ಮಾರಾಟಗಾರರ ಹತ್ತಿರ ಹೋಗಿ. ಈ ಹಣ್ಣು ಮರದಲ್ಲಿ ಮೆತ್ತಗಾಗುವುದಿಲ್ಲ, ಕೊಯ್ದ ಮೇಲೆ ಮೆತ್ತಗಾಗುತ್ತದೆ. ಗಟ್ಟಿಯದನ್ನೇ ಕೊಂಡು, ತೊಟ್ಟು ಉಳಿದಿರುವುದನ್ನು ಆರಿಸಿ, ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ; ಐದಾರು ದಿನ ಸಾಕು. ಮೆತ್ತಗಾಗುವ ಮೊದಲು ಫ್ರಿಜ್‌ಗೆ ಇಟ್ಟರೆ ರಬ್ಬರಿನಂತೆ ಉಳಿದು ಒಳಗೆ ಕಪ್ಪಾಗುತ್ತದೆ. ಸಿಪ್ಪೆ ಸುಕ್ಕುಗಟ್ಟಿಯೂ ಮೆತ್ತಗಾಗದಿದ್ದರೆ ಅದು ಬಲಿಯುವ ಮೊದಲೇ ಕೊಯ್ದದ್ದು, ಅದಕ್ಕೆ ಉಪಾಯವಿಲ್ಲ.

ಪುತ್ತರಿಯಿಂದ ಸಂಕ್ರಾಂತಿ

ನವೆಂಬರ್ ಕೊನೆ ಅಥವಾ ಡಿಸೆಂಬರ್‌ನ ಹುಣ್ಣಿಮೆಯ ಹೊತ್ತಿಗೆ ಹೊಸ ಭತ್ತದ ಹಬ್ಬ ಪುತ್ತರಿ. ಕಕ್ಕಬ್ಬೆ ಹತ್ತಿರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ಗೊತ್ತುಮಾಡುತ್ತಾರೆ. ಅದರ ಹಿಂದಿನ ಸಂತೆಯಲ್ಲಿ ಪುತ್ತರಿ ಗೆಣಸು ಬರುತ್ತದೆ. ಒಳಗೆ ನೇರಳೆ ಬಣ್ಣ. ಸಿಪ್ಪೆ ಸಹಿತ ಬೇಯಿಸಿ, ಆಮೇಲೆ ಸುಲಿದು, ಜೇನು ಅಥವಾ ಬೆಲ್ಲದ ಪಾಕದ ಜೊತೆ. ಹಸಿಯಲ್ಲೇ ಸುಲಿದರೆ ಕೈ ತುರಿಸುತ್ತದೆ, ಬಣ್ಣವೂ ನೀರಿಗೆ ಹೋಗುತ್ತದೆ.

ಹೊಸ ಅಕ್ಕಿ ಸಿಕ್ಕಿತೆಂದು ಎಲ್ಲಕ್ಕೂ ಅದನ್ನೇ ಬಳಸಬೇಡಿ. ಅದು ಅಂಟು. ಪಾಯಸಕ್ಕೆ, ಗಂಜಿಗೆ ಅದರಷ್ಟು ರುಚಿ ಯಾವುದೂ ಇಲ್ಲ. ಅನ್ನಕ್ಕೆ ನೀರು ಕಡಿಮೆ ಇಡಿ. ಹಬೆಯಲ್ಲಿ ಬೇಯಿಸುವ ಉಂಡೆ, ಅಂದರೆ ಕಡಂಬುಟ್ಟಿಗೆ ಹಳೆ ಅಕ್ಕಿಯ ತರಿಯೇ ಬೇಕು. ಒಂದು ಲೋಟ ತರಿಗೆ ಎರಡು ಲೋಟ ನೀರು, ಉಪ್ಪು, ಜಜ್ಜಿದ ಎರಡು ಏಲಕ್ಕಿ. ಕುದಿಯುವ ನೀರಿಗೆ ತರಿ ಹಾಕಿ, ಗಟ್ಟಿಯಾದ ಮೇಲೆ ಮುಚ್ಚಿ ಹತ್ತು ನಿಮಿಷ ಬಿಟ್ಟು, ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ 15–20 ನಿಮಿಷ. ಉಂಡೆ ಜಿಗಟಾಗಿದ್ದರೆ ತರಿಯಲ್ಲಿ ಹಿಟ್ಟಿನ ಪುಡಿ ಹೆಚ್ಚಿತ್ತು, ಜರಡಿ ಹಿಡಿಯಬೇಕಿತ್ತು. ಬಿರುಕು ಬಿಟ್ಟರೆ ತಣ್ಣಗಾದ ಮೇಲೆ ಕಟ್ಟಿದ್ದೀರಿ.

ಕಿತ್ತಳೆಯಲ್ಲಿ ಮೋಸ ಹೋಗುವವರು ಹೆಚ್ಚು, ಏಕೆಂದರೆ ಚೆಂದದ್ದನ್ನು ಆರಿಸುತ್ತಾರೆ. ಭೌಗೋಳಿಕ ಗುರುತು ಪಡೆದ ಕೊಡಗಿನ ಕಿತ್ತಳೆ ನೋಡಲು ಅಷ್ಟು ಚೆಂದವಿಲ್ಲ: ಹಸಿರು ಬೆರೆತ ಹಳದಿ, ಅಲ್ಲಲ್ಲಿ ಕಲೆ, ಸಿಪ್ಪೆ ತೊಳೆಗೆ ಅಂಟಿಕೊಂಡಿರುತ್ತದೆ. ನಾಗಪುರದ್ದು ಕೇಸರಿ ಬಣ್ಣ, ಸಡಿಲ ಸಿಪ್ಪೆ. ಒತ್ತಿದರೆ ಒಳಗೆ ಗಾಳಿ ಇದ್ದ ಹಾಗೆ ಕುಸಿಯುತ್ತದೆ. ಹೆದ್ದಾರಿ ಬದಿಯಲ್ಲಿ 'ಕೊಡಗಿನ ಕಿತ್ತಳೆ' ಎಂಬ ಫಲಕದ ಕೆಳಗೆ ಕೇಸರಿ ರಾಶಿ ಕಂಡರೆ ಒಂದು ಹಣ್ಣು ಒತ್ತಿ ನೋಡಿ. ಗಾತ್ರಕ್ಕಿಂತ ತೂಕ ಹೆಚ್ಚಿರುವುದನ್ನು ಆರಿಸಿ. ರೋಗಗಳಿಂದಾಗಿ ಕಿತ್ತಳೆ ತೋಟಗಳು ಬಹಳ ಕಡಿಮೆಯಾಗಿವೆ. ನಿಜವಾದದ್ದು ಸಿಗುವುದು ಕಡಿಮೆ, ಸಿಕ್ಕಾಗ ಬೆಲೆ ಹೆಚ್ಚು. ಇದೇ ಡಿಸೆಂಬರ್–ಜನವರಿಯಲ್ಲಿ ಸ್ವಲ್ಪ ಲಿಚಿಯೂ ಬರುತ್ತದೆ. ಉತ್ತರ ಭಾರತದಲ್ಲಿ ಲಿಚಿ ಬೇಸಿಗೆಯ ಹಣ್ಣು, ಇಲ್ಲಿ ಚಳಿಯದು.

ಕಣದ ಕಾಲ: ಕಾಫಿ, ಮೆಣಸು

ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ. ಪುಡಿ ಅಂಗಡಿಯಲ್ಲಿ ಮೂರು ವಿಷಯ ಕೇಳಿ: ಅರೇಬಿಕಾ–ರೋಬಸ್ಟಾ ಎಷ್ಟೆಷ್ಟು, ಚಿಕೋರಿ ಎಷ್ಟು, ಯಾವತ್ತು ಹುರಿದದ್ದು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 51 ಶೇಕಡಾ ಕಾಫಿ ಇರಬೇಕೆಂಬುದು ನಿಯಮ, ಅಂದರೆ ಅರ್ಧದ ಹತ್ತಿರ ಚಿಕೋರಿ ಇದ್ದರೂ ಕಾನೂನುಬದ್ಧ. ಸಂಶಯವಿದ್ದರೆ ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಮಚ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಬಣ್ಣದ ಗೆರೆ ಬಿಡುತ್ತ ಬೇಗ ಮುಳುಗುತ್ತದೆ. ಎರಡು ವಾರಕ್ಕೆ ಬೇಕಾದ 250 ಗ್ರಾಂ ಮಾತ್ರ ಬೀಸಿಸಿ. ಊರಿಗೆ ಒಯ್ಯಲು ಎರಡು ಕಿಲೋ ಪುಡಿ ಕಟ್ಟಿಸುವುದಕ್ಕಿಂತ ಹುರಿದ ಬೀಜ ಒಯ್ಯುವುದು ಜಾಣತನ.

ಕರಿಮೆಣಸು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಣದಲ್ಲಿ ಒಣಗುತ್ತಿರುತ್ತದೆ. ವರ್ಷಕ್ಕೆ ಬೇಕಾದದ್ದನ್ನು ಆಗಲೇ ಕೊಳ್ಳಿ. ನಾಲ್ವರ ಮನೆಗೆ ಒಂದು ಕಿಲೋ ಸಾಕು. ಕಾಳನ್ನು ಹಲ್ಲಿನಲ್ಲಿ ಒತ್ತಿದರೆ 'ಟಕ್' ಎಂದು ಒಡೆಯಬೇಕು. ಚಪ್ಪಟೆಯಾದರೆ ಒಣಗಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಒಳ್ಳೆಯ ಮೆಣಸಿನ ತೂಕ ಲೀಟರ್ ಅಳತೆಗೆ 550 ಗ್ರಾಂ ಆಸುಪಾಸು. ಒಂದು ಹಿಡಿಯನ್ನು ನೀರಿಗೆ ಹಾಕಿ: ತೇಲುವುದು ಜೊಳ್ಳು ಅಥವಾ ಪಪ್ಪಾಯಿ ಬೀಜ. ಏಲಕ್ಕಿಯನ್ನು ಕಾಯಿಯಾಗಿಯೇ ಕೊಳ್ಳಿ, ಪುಡಿ ಬೇಡ.

ಏಪ್ರಿಲ್, ಮೇ

ಕಾಫಿ ಹೂವಿನ ಮಳೆ ಬಿದ್ದು, ತೋಟ ಬೆಳ್ಳಗಾಗಿ, ಒಂದೆರಡು ತಿಂಗಳಲ್ಲಿ ಜೇನು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಸಹಜವಾಗಿಯೇ ತೆಳು. 'ನೀರಾಗಿದೆ, ಕಲಬೆರಕೆ' ಎಂದು ತಳ್ಳಬೇಡಿ. ನೀರಿಗೆ ಹಾಕಿ ನೋಡುವುದು, ಬತ್ತಿ ಉರಿಸುವುದು, ಹೆಬ್ಬೆರಳ ಮೇಲೆ ಹನಿ ನಿಲ್ಲಿಸುವುದು, ಇವುಗಳಿಂದ ಶುದ್ಧತೆ ತಿಳಿಯದು. ಗಟ್ಟಿ ಸಕ್ಕರೆ ಪಾಕವೂ ಇವೆಲ್ಲದರಲ್ಲಿ ಪಾಸಾಗುತ್ತದೆ. ಕೇಳಬೇಕಾದ್ದು: ಯಾವ ತಿಂಗಳು ತೆಗೆದದ್ದು, ಜೇನುಗೂಡಿನ ಮೇಣ ಮುಚ್ಚಿದ ಕಣಗಳಿಂದ ತೆಗೆದದ್ದೇ? ಮೇಣ ಮುಚ್ಚದ ಕಣಗಳ ಜೇನಿನಲ್ಲಿ ನೀರಿನಂಶ ಹೆಚ್ಚು. ಅದು 20 ಶೇಕಡಾ ದಾಟಿದರೆ ಹುಳಿಯುವ ಸಂಭವ, ಮುಚ್ಚಳ ತೆಗೆದಾಗ ನೊರೆ ಉಕ್ಕುತ್ತದೆ. ಹರಳುಗಟ್ಟಿದರೆ ಕೆಟ್ಟಿಲ್ಲ, ಕೈ ಇಡಬಹುದಾದಷ್ಟು ಬಿಸಿಯ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ, ಒಲೆಯ ಮೇಲೆ ಇಟ್ಟರೆ ಪರಿಮಳ ಹೋಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನೂ ಬೇಡ.

ಕಾಡುಮಾವು ನಿಂಬೆ ಗಾತ್ರದ್ದು, ಗೊರಟೇ ಹೆಚ್ಚು. ಬೆಲೆ ಕೇಳಿ ಹಿಂದೆ ಸರಿಯಬೇಡಿ, ಸಾರಿಗೆ ಹತ್ತು ಹನ್ನೆರಡು ಸಾಕು. ಸುಲಿದ ಸಿಪ್ಪೆಯನ್ನು ಸ್ವಲ್ಪ ನೀರಿನಲ್ಲಿ ಕಿವುಚಿ ಆ ನೀರನ್ನೇ ಸಾರಿಗೆ ಬಳಸಿ, ರುಚಿಯ ಅರ್ಧ ಅಲ್ಲೇ ಇದೆ. ಗೊರಟು ಸಹಿತ ಹಣ್ಣು, ಬೆಲ್ಲ, ಹಸಿಮೆಣಸು, ಸಾಸಿವೆ ಒಗ್ಗರಣೆ.

ಹಲಸಿನಲ್ಲಿ ಬಕ್ಕೆ ಗಟ್ಟಿ ತೊಳೆ, ಹಾಗೇ ತಿನ್ನಲು. ತುಳುವ ಮೆತ್ತಗೆ, ಪುಟ್ಟು ಎಂಬ ಹಬೆಯ ತಿಂಡಿಗೆ. ಕೊಳ್ಳುವ ಮೊದಲು ಯಾವುದು ಎಂದು ಕೇಳಲೇಬೇಕು, ಹೊರಗಿನಿಂದ ಗೊತ್ತಾಗದು. ಕೂವಲೆ ಪುಟ್ಟಿಗೆ ಎರಡು ಲೋಟ ತುಳುವದ ತಿರುಳು, ಒಂದು ಲೋಟ ಅಕ್ಕಿ ತರಿ, ಅರ್ಧ ಲೋಟ ತೆಂಗಿನ ತುರಿ, ಏಲಕ್ಕಿ. ಎಲೆಯಲ್ಲಿ ಮಡಚಿ 40 ನಿಮಿಷ ಹಬೆ. ಹಣ್ಣೇ ಸಿಹಿಯಾಗಿದ್ದರೆ ಬೆಲ್ಲ ಬೇಡ. ಬೀಜ ಎಸೆಯಬೇಡಿ: ತೊಳೆದು, ಲೋಳೆ ಪೊರೆ ತೆಗೆದು, ನೆರಳಲ್ಲಿ ಎರಡು ದಿನ ಆರಿಸಿ ಒಣ ಮರಳಿನಲ್ಲಿ ಹೂತಿಡಿ. ಒದ್ದೆ ಇದ್ದರೆ ಮೊಳಕೆ ಬರುತ್ತದೆ. ಜುಲೈನಲ್ಲಿ ಕಣಿಲೆ ಪಲ್ಯಕ್ಕೆ ಹಾಕಲು ಅದು ಬೇಕಾಗುತ್ತದೆ.